ನಂಬದವನ ಹಾಡು

ಡಿಸೆಂಬರ್ ತಿಂಗಳು ಬಂತೆಂದರೆ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಒಂದು ಬಗೆಯ ಸಂಗೀತ ಕಚೇರಿ ನಡೆಯುತ್ತದೆ. ಅದನ್ನು ನಡೆಸುವವರು ಸಂಗೀತವನ್ನೇ ನೆಚ್ಚಿ ಬದುಕುವ ವಿದ್ವಾಂಸರಲ್ಲ, ಊರಿನವರೇ. ಶಾಲೆಯ ಮೇಷ್ಟರು, ಆಸ್ಪತ್ರೆಯ ದಾದಿ, ಬ್ಯಾಂಕಿನ ಗುಮಾಸ್ತೆ, ಪಿಂಚಣಿ ಪಡೆಯುತ್ತಿರುವ ಎಂಜಿನಿಯರು, ಕಾಲೇಜಿಗೆ ಹೋಗುವ ಹುಡುಗಿ, ಹೀಗೆ ನಲವತ್ತು ಐವತ್ತು ಮಂದಿ ವಾರಕ್ಕೊಂದು ಸಂಜೆ ಕಲೆತು ಅಭ್ಯಾಸ ಮಾಡುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ಒಂದು ಶನಿವಾರ ಊರ ಚರ್ಚಿನಲ್ಲಿಯೋ ಸಭಾಭವನದಲ್ಲಿಯೋ ತಮ್ಮ ವಾದ್ಯಗೋಷ್ಠಿಯನ್ನು ನೆರೆಹೊರೆಯವರ ಮುಂದೆ ನಡೆಸುತ್ತಾರೆ. ಕಾರ್ಯಕ್ರಮ ಹೆಚ್ಚುಕಡಮೆ ಗೊತ್ತಾದದ್ದೇ. ಕ್ರಿಸ್ತ ಹುಟ್ಟಿದ ಇರುಳಿಗೆಂದೇ ಇಟಲಿಯ ಕೊರೆಲಿ ರಚಿಸಿದ, 1714ರಲ್ಲಿ ಅಚ್ಚಾದ ಕೃತಿ ಒಂದು, ಹ್ಯಾಂಡೆಲನ ‘ಮೆಸ್ಸಾಯ’ದಿಂದ ಕೆಲವು ಭಾಗ, ಕೊನೆಗೆ, ಕೇಳಲು ಬಂದವರೂ ಎದ್ದು ನಿಂತು ದನಿಗೂಡಿಸುವ ‘ಕ್ಯಾರಲ್’ ಎಂಬ ಹಬ್ಬದ ಹಾಡುಗಳು. ಪಿಟೀಲಿನ ಶ್ರುತಿ ಅಲ್ಲಲ್ಲಿ ಜಾರುತ್ತದೆ, ಕೊಂಬು ಒಮ್ಮೊಮ್ಮೆ ಅಪಸ್ವರ ನುಡಿಯುತ್ತದೆ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಹುಂಡಿಗೆ ಬಿದ್ದ ಹಣ ಸಾಮಾನ್ಯವಾಗಿ ಯಾವುದಾದರೊಂದು ಧರ್ಮಕಾರ್ಯಕ್ಕೆ ಹೋಗುತ್ತದೆ.

ಇಷ್ಟರಲ್ಲಿ ತತ್ತ್ವಜಿಜ್ಞಾಸೆಗೆ ಎಡೆ ಎಲ್ಲಿ ಎಂದು ವಾಚಕರು ಕೇಳಿಯಾರು. ಎಡೆ ಇದೆ. ಆ ಸಂಜೆ ಬಾರಿಸುವ, ಹಾಡುವ ಕೃತಿಗಳೆಲ್ಲ ಒಂದು ನಂಬಿಕೆಯನ್ನು ಸಾರುವಂಥವು. ದೇವರು ಮನುಷ್ಯನಾಗಿ ಒಂದು ಕೊಟ್ಟಿಗೆಯಲ್ಲಿ ಹುಟ್ಟಿದನೆಂದೂ, ದೇವದೂತರು ಬಂದು ಆ ವಾರ್ತೆಯನ್ನು ಕುರುಬರಿಗೆ ತಿಳಿಸಿದರೆಂದೂ, ಅಂದಿನಿಂದ ಲೋಕದ ಗತಿಯೇ ಬೇರೆಯಾಯಿತೆಂದೂ ಆ ಹಾಡುಗಳು ಹೇಳುತ್ತವೆ. ಆದರೆ 2021ರ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನ ಜನರಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ನೂರಕ್ಕೆ 46.2 ಮಂದಿ ಮಾತ್ರ. ಆ ಎಣಿಕೆ ಅರ್ಧಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ತಮಗೆ ಯಾವ ಮತವೂ ಇಲ್ಲವೆಂದವರು ನೂರಕ್ಕೆ 37.2. ಹಾಗಿದ್ದ ಮೇಲೆ, ಆ ವಾದ್ಯಗೋಷ್ಠಿಯಲ್ಲಿ ಕುಳಿತವರಲ್ಲೂ ಎದ್ದು ಹಾಡುವವರಲ್ಲೂ ಈ ಮಾತನ್ನು ನಂಬದವರು ಬಹಳ ಮಂದಿ ಇರಲೇಬೇಕು. ತಾನು ನಂಬದ ಮಾತನ್ನು ಗಟ್ಟಿಯಾಗಿ, ಸಂತೋಷದಿಂದ, ನಾಲ್ಕು ಜನರ ನಡುವೆ ಹಾಡುವವನು ಸುಳ್ಳು ಹೇಳಿದಂತಾಗುತ್ತದೆಯೆ? ಇದು ನನ್ನ ಪ್ರಶ್ನೆ.

ಕನ್ನಡಿಗನಾದವನಿಗೆ ಈ ಪ್ರಶ್ನೆ ಹಗುರವಾದದ್ದಲ್ಲ. ಹನ್ನೆರಡನೆಯ ಶತಮಾನದ ಶರಣರು ನಮಗೆ ಕಲಿಸಿದ ಮೊದಲ ಪಾಠವೇ ನುಡಿಗೂ ನಡೆಗೂ ನಡುವೆ ಬಿರುಕಿರಬಾರದು ಎಂಬುದು. ಒಳಗೆ ಭಕ್ತಿಯಿಲ್ಲದೆ ಹೊರಗೆ ಪೂಜೆಯ ಆಡಂಬರ ಮಾಡುವವನನ್ನು ಅವರು ಹಂಗಿಸಿದಷ್ಟು ಕಟುವಾಗಿ ಬೇರೆ ಯಾರೂ ಹಂಗಿಸಿಲ್ಲ. ದಾಸರೂ ಇದೇ ಮಾತನ್ನು ತಮ್ಮದೇ ಧಾಟಿಯಲ್ಲಿ ಹೇಳಿದ್ದಾರೆ. ಹೊಟ್ಟೆಪಾಡಿಗಾಗಿ ತಾಳ ತಂಬೂರಿ ಹಿಡಿದವನ ಮೇಲೆ ಅವರಿಗೆ ಕನಿಕರವಿಲ್ಲ. ರಾಘವಾಂಕನ ಹರಿಶ್ಚಂದ್ರನಾದರೋ ಆಡಿದ ಮಾತಿಗಾಗಿ ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡವನು. ಇಂಥ ಸಾಹಿತ್ಯವನ್ನು ಓದಿ ಬೆಳೆದ ನಮಗೆ, ‘ನಂಬಿಕೆಯೇನೂ ಇಲ್ಲ, ಸುಮ್ಮನೆ ಹಾಡುತ್ತೇನೆ’ ಎನ್ನುವವನನ್ನು ಕಂಡರೆ ಮನಸ್ಸು ತುಸು ಹಿಂಜರಿಯುವುದು ಸಹಜವೇ ಆಗಿದೆ.

ಈ ಪ್ರಶ್ನೆಗೆ ಕೆಲವು ಸುಲಭದ ಉತ್ತರಗಳುಂಟು. ನನಗೆ ಅವು ಒಪ್ಪಿಗೆಯಾಗುವುದಿಲ್ಲ. ಏಕೆಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ.

‘ಸಂಗೀತದಲ್ಲಿ ನಾದವೇ ಮುಖ್ಯ, ಮಾತು ಹೆಸರಿಗಷ್ಟೆ, ನಾದಕ್ಕೆ ಮತವೆಲ್ಲಿದೆ?’ ಎನ್ನುವುದು ಮೊದಲನೆಯದು. ಪಿಟೀಲು ಹಿಡಿದವನ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕಮಾನಿನ ತುದಿಯಿಂದ ಯಾವ ಸಿದ್ಧಾಂತವೂ ಹೊರಡುವುದಿಲ್ಲ. ಆದರೆ ಹಾಡುವವನ ಬಾಯಲ್ಲಿ ಬರುವುದು ಅರ್ಥವುಳ್ಳ ಮಾತು. ಹ್ಯಾಂಡೆಲ್ ಒಂದೊಂದು ಪದದ ಅರ್ಥವನ್ನೂ ತೂಗಿ ಸ್ವರ ಹಾಕಿದವನು. ಆ ಮಾತನ್ನು ಲೆಕ್ಕಕ್ಕಿಲ್ಲವೆಂದು ತಳ್ಳಿಬಿಟ್ಟರೆ ಅದನ್ನು ಬರೆದವನಿಗೂ ನಂಬಿದವನಿಗೂ ಅವಮಾನ ಮಾಡಿದಂತೆ.

ಎರಡನೆಯ ಉತ್ತರ ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವುದು: ‘ದೇವರೆಲ್ಲ ಒಬ್ಬನೇ, ಏಸು ಎಂದರೂ ಅವನೇ, ಕೃಷ್ಣ ಎಂದರೂ ಅವನೇ, ಯಾರು ಯಾವ ಹಾಡನ್ನು ಹಾಡಿದರೇನು?’ ಇದರ ಹಿಂದಿರುವ ಸದ್ಭಾವವನ್ನು ನಾನು ಅಲ್ಲಗಳೆಯಲಾರೆ. ಆದರೂ ಇದರಲ್ಲಿ ಒಂದು ಅವಸರವಿದೆ. ಎದುರಿಗಿರುವವನು ಹೇಳುತ್ತಿರುವುದನ್ನು ಪೂರ್ತಿ ಕೇಳುವ ಮೊದಲೇ ‘ಗೊತ್ತು, ಗೊತ್ತು, ನಮ್ಮಲ್ಲೂ ಅದೇ ಇದೆ’ ಎಂದು ಮಾತು ಮುಗಿಸಿದ ಹಾಗೆ ಇದು. ಕ್ರಿಸ್ಮಸ್ಸಿನ ಹಾಡು ಹೇಳುವುದು ಒಂದು ಊರಿನಲ್ಲಿ, ಒಂದು ಕಾಲದಲ್ಲಿ ನಡೆಯಿತೆನ್ನುವ ಒಂದು ಸಂಗತಿಯನ್ನು. ಅದನ್ನು ನಂಬುವವನಿಗೆ ಆ ವಿಶೇಷವೇ ಮುಖ್ಯ. ಮೇಲಾಗಿ, ದೇವರೇ ಇಲ್ಲವೆನ್ನುವವನಿಗೆ ಈ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಮೂರನೆಯದು ನಾಟಕದ ಹೋಲಿಕೆ. ದುರ್ಯೋಧನನ ಪಾತ್ರ ಮಾಡಿದವನನ್ನು ಯಾರೂ ಪಾಂಡವದ್ವೇಷಿ ಎನ್ನುವುದಿಲ್ಲ. ಹಾಡುವವನೂ ಹಾಗೆಯೇ ಎನ್ನಬಹುದು. ಆದರೆ ನಟನಿಗೆ ಬಣ್ಣವಿದೆ, ವೇಷವಿದೆ, ಪಾತ್ರದ ಹೆಸರಿದೆ. ಆಟ ಮುಗಿದ ಮೇಲೆ ಅವನು ಅದನ್ನೆಲ್ಲ ಕಳಚಿಡುತ್ತಾನೆ. ಕ್ಯಾರಲ್ ಹಾಡುವ ಬ್ಯಾಂಕಿನ ಗುಮಾಸ್ತೆ ತನ್ನ ಎಂದಿನ ಕೋಟಿನಲ್ಲೇ, ತನ್ನ ಎಂದಿನ ಮುಖದಲ್ಲೇ ನಿಂತಿದ್ದಾನೆ. ಅವನು ಯಾರ ಪಾತ್ರವನ್ನೂ ವಹಿಸಿಲ್ಲ.

ಸುಲಭದ ದಾರಿಗಳು ಹೀಗೆ ಮುಚ್ಚಿದ ಮೇಲೆ, ಈ ಪ್ರಶ್ನೆಯನ್ನು ಬದುಕಿನಲ್ಲೇ ಎದುರಿಸಿದ ಒಬ್ಬನ ಕಡೆ ತಿರುಗುವುದು ಮೇಲು. ಜೆರಾಲ್ಡ್ ಫಿಂಜಿ ಎಂಬ ಇಂಗ್ಲಿಷ್ ಸಂಗೀತ ರಚನಕಾರ 1901ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ ತಾಯಿ ಇಬ್ಬರೂ ಯೆಹೂದಿ ಮನೆತನದವರು. ಫಿಂಜಿಗೆ ಎಂಟು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಹೋದ. ಮೂವರು ಅಣ್ಣಂದಿರು ಒಬ್ಬರ ಹಿಂದೊಬ್ಬರು ಹೋದರು. ಸಂಗೀತ ಕಲಿಸಿದ ಗುರು ಅರ್ನೆಸ್ಟ್ ಫಾರರ್ 1918ರಲ್ಲಿ ಯುದ್ಧಭೂಮಿಯಲ್ಲಿ ಮಡಿದ. ಇಷ್ಟನ್ನು ಹದಿನೆಂಟು ತುಂಬುವುದರೊಳಗೆ ಕಂಡವನಿಗೆ ದೇವರಲ್ಲಿ ನಂಬಿಕೆ ಹುಟ್ಟದೆ ಹೋದರೆ ಆಶ್ಚರ್ಯವಿಲ್ಲ. ಆತ ಕೊನೆಯವರೆಗೂ ಅಜ್ಞೇಯವಾದಿಯಾಗಿಯೇ ಇದ್ದ. ಹ್ಯಾಂಪ್‌ಶೈರಿನ ಆಶ್ಮನ್ಸ್‌ವರ್ತ್ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿಕೊಂಡು, ಅಳಿದುಹೋಗುತ್ತಿದ್ದ ಹಳೆಯ ಸೇಬಿನ ತಳಿಗಳನ್ನು ತನ್ನ ತೋಟದಲ್ಲಿ ಉಳಿಸಿಕೊಂಡು, ಸ್ವರ ಬರೆಯುತ್ತ ಕಾಲ ಕಳೆದ.

ಎರಡನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ ಈ ಫಿಂಜಿ ಹತ್ತಿರದ ನ್ಯೂಬರಿ ಊರಿನ ಹೆಸರಿನಲ್ಲಿ ಒಂದು ತಂತಿವಾದ್ಯಗಳ ಗೋಷ್ಠಿಯನ್ನು ಕಟ್ಟಿದ. ಅದರಲ್ಲಿದ್ದವರು ಹವ್ಯಾಸಿಗಳು. ಫಿಂಜಿಯ ಹೆಂಡತಿಯೂ ಅವರ ನಡುವೆ ಪಿಟೀಲು ಹಿಡಿದು ಕೂರುತ್ತಿದ್ದಳು. ಸುತ್ತಮುತ್ತಲ ಹಳ್ಳಿಗಳ ಚರ್ಚುಗಳಲ್ಲಿ, ಶಾಲೆಗಳಲ್ಲಿ, ಸಭಾಮಂದಿರಗಳಲ್ಲಿ ಅವರು ಬಾರಿಸಿದರು. ಹೆಸರಾಂತ ವಾದ್ಯಗೋಷ್ಠಿಗಳು ಕಾಲಿಡದ ಹಳ್ಳಿಗಳವು. ಧೂಳು ಹಿಡಿದಿದ್ದ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕೃತಿಗಳನ್ನು ಫಿಂಜಿ ಹುಡುಕಿ ತೆಗೆದು ಅವರ ಕೈಗೆ ಕೊಟ್ಟ. ತಾನು ಬದುಕಿರುವವರೆಗೂ, ಎಂದರೆ 1956ರವರೆಗೆ, ಆ ಗೋಷ್ಠಿಯನ್ನು ನಡೆಸಿದ. ಚರ್ಚಿನ ನಂಬಿಕೆಯನ್ನು ಒಪ್ಪದವನು ಚರ್ಚಿನೊಳಗೆ ನಿಂತು ವರ್ಷಗಟ್ಟಲೆ ಅಲ್ಲಿನವರಿಗಾಗಿ ಸಂಗೀತ ನಡೆಸಿದ ಎಂಬುದನ್ನು ಗಮನಿಸಬೇಕು.

1954ರಲ್ಲಿ ಆತ ಕ್ರಿಸ್ಮಸ್ಸಿಗಾಗಿಯೇ ‘ಇನ್ ಟೆರ್ರಾ ಪಾಕ್ಸ್’ ಎಂಬ ಕೃತಿಯನ್ನು ರಚಿಸಿದ. ಲ್ಯಾಟಿನ್ ಭಾಷೆಯ ಆ ಹೆಸರಿಗೆ ‘ಭೂಮಿಯ ಮೇಲೆ ಶಾಂತಿ’ ಎಂದರ್ಥ. ಅದರ ಕಟ್ಟಡ ನೋಡತಕ್ಕದ್ದು. ರಾಬರ್ಟ್ ಬ್ರಿಜಸ್ ಕವಿ 1913ರ ಕ್ರಿಸ್ಮಸ್ ಹೊತ್ತಿನಲ್ಲಿ ಪ್ರಕಟಿಸಿದ ಒಂದು ಕವಿತೆ ಅದರ ಹಿಂದಿದೆ. ಆ ಕವಿತೆಯಲ್ಲಿ ಒಬ್ಬನು ಮಂಜು ಕವಿದ ಇರುಳು ಒಂಟಿಯಾಗಿ ಗುಡ್ಡದ ಮೇಲೆ ನಿಂತಿದ್ದಾನೆ. ಕೆಳಗಿನ ಕಣಿವೆಯ ಹಳ್ಳಿಗಳಿಂದ ಚರ್ಚಿನ ಗಂಟೆಗಳ ನಾದ ಕೇಳಿಬರುತ್ತದೆ. ಎಂದೋ ಹೀಗೆಯೇ ಬಯಲಿನಲ್ಲಿದ್ದ ಕುರುಬರು ಕೇಳಿದರೆನ್ನುವ ಹಾಡು ಅವನ ನೆನಪಿಗೆ ಬರುತ್ತದೆ. ಫಿಂಜಿ ಈ ಕವಿತೆಯನ್ನು ನಡುವೆ ಸೀಳಿ, ಅಲ್ಲಿ ಲೂಕನ ಸುವಾರ್ತೆಯ ಕಥೆಯನ್ನು ಇಟ್ಟ. ಕುರುಬರು, ದೇವದೂತರು, ಅವರ ಘೋಷ, ಎಲ್ಲವೂ ಬರುತ್ತದೆ. ಅದು ಮುಗಿದ ಮೇಲೆ ಮತ್ತೆ ಗುಡ್ಡದ ಮೇಲಿನ ಆ ಒಂಟಿಯ ದನಿ. ಫಿಂಜಿಯ ಪಾಲಿಗೆ ಇದು ಬರಿಯ ಕಲ್ಪನೆಯೂ ಆಗಿರಲಿಲ್ಲ. ಯೌವನದಲ್ಲಿ ಒಂದು ಚಳಿಗಾಲದ ರಾತ್ರಿ ಆತ ಗ್ಲಾಸ್ಟರ್ ನಗರದ ಬಳಿಯ ಚೋಸನ್ ಹಿಲ್ ಎಂಬ ಗುಡ್ಡದ ಚರ್ಚಿನಿಂದ ಸುತ್ತಲ ಊರುಗಳ ಗಂಟೆಗಳನ್ನು ಕೇಳಿದ್ದ.

ನನಗೆ ಈ ಕಟ್ಟಡದಲ್ಲೇ ಒಂದು ಉತ್ತರ ಕಾಣುತ್ತದೆ. ‘ಇದು ಹೀಗೆಯೇ ನಡೆಯಿತು’ ಎಂದು ಫಿಂಜಿ ಆಣೆಯಿಟ್ಟು ಹೇಳುತ್ತಿಲ್ಲ. ‘ಇವರು ಹೀಗೆಂದು ಹಾಡಿದರು, ನಾನು ಕೇಳಿದೆ’ ಎನ್ನುತ್ತಿದ್ದಾನೆ. ಕೇಳಿದ್ದನ್ನು ಕುಗ್ಗಿಸಿಯೂ ಇಲ್ಲ, ಅದಕ್ಕೆ ನಗೆಯಾಡಿಯೂ ಇಲ್ಲ. ದೇವದೂತರ ಹಾಡು ಬಂದಾಗ ವಾದ್ಯಗಳೆಲ್ಲ ಪೂರ್ಣ ಬಲದಿಂದ ನುಡಿಯುತ್ತವೆ. ತಾನು ನಿಂತಿರುವ ಗುಡ್ಡವನ್ನೂ ಬಚ್ಚಿಟ್ಟಿಲ್ಲ. ಊರಿನ ಹೊರಗೆ ನಿಂತವನು ಊರಿನ ಗಂಟೆಯನ್ನು ಕೇಳಿ ತಲೆದೂಗಿದರೆ ಅದರಲ್ಲಿ ಸುಳ್ಳು ಎಲ್ಲಿದೆ?

ಇದು ರಚನೆ ಮಾಡುವವನ ಮಾತಾಯಿತು, ಗೋಷ್ಠಿಯಲ್ಲಿ ಕುಳಿತು ಬಾರಿಸುವವನ ಸಂಗತಿ ಏನು ಎಂದು ಕೇಳಬಹುದು. ಅವನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಾದ್ಯಗೋಷ್ಠಿ ತೊಡಗುವ ಮುನ್ನ, ನಮ್ಮ ನಾಗಸ್ವರದ ದೂರದ ನಂಟನಾದ ಓಬೋ ಎಂಬ ವಾದ್ಯ ಒಂದು ಸ್ವರವನ್ನು ಹಿಡಿಯುತ್ತದೆ. ಉಳಿದವರೆಲ್ಲ ಅದಕ್ಕೆ ತಮ್ಮ ಶ್ರುತಿಯನ್ನು ತಂದು ಸೇರಿಸಬೇಕು. ಒಂದು ಸಾಲಿನ ಪಿಟೀಲುಗಳ ಕಮಾನುಗಳೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು. ಪಕ್ಕದವನಿಗಿಂತ ಗಟ್ಟಿಯಾಗಿ ಬಾರಿಸಿದವನು ಗೋಷ್ಠಿಯನ್ನು ಕೆಡಿಸಿದ ಹಾಗೆ. ‘ಮೆಸ್ಸಾಯ’ದಲ್ಲಿ ತುತೂರಿಯವನು ಮೊದಲ ಭಾಗದಲ್ಲಿ ದೇವದೂತರ ಸ್ತುತಿ ಬರುವವರೆಗೂ ಮಾತಿಲ್ಲದೆ ಕುಳಿತಿರಬೇಕು. ನಗಾರಿಯವನ ಪಾಡು ಇನ್ನೂ ಕಷ್ಟ. ಎರಡನೆಯ ಭಾಗದ ಕೊನೆಯಲ್ಲಿ ‘ಹಲ್ಲೆಲೂಯ’ ಬರುವವರೆಗೆ ಅವನಿಗೆ ಒಂದು ಪೆಟ್ಟಿನ ಕೆಲಸವೂ ಇಲ್ಲ. ಅಷ್ಟು ಹೊತ್ತೂ ಅವನು ಮಾಡುವುದೆಂದರೆ ಇತರರನ್ನು ಕೇಳುವುದು, ಲೆಕ್ಕ ತಪ್ಪದಂತೆ ಎಣಿಸುವುದು. ಒಟ್ಟಿಗೆ ಬಾರಿಸುವುದರ ಮುಕ್ಕಾಲು ಪಾಲು ಕೇಳುವುದರಲ್ಲೇ ಇದೆ.

ಹೀಗೆ ಒಂದು ಸಂಜೆಗಾಗಿ ತಿಂಗಳುಗಟ್ಟಲೆ ದುಡಿದವನು ಹೇಳುತ್ತಿರುವುದಾದರೂ ಏನು? ‘ಇದು ನನ್ನ ನಂಬಿಕೆ’ ಎಂದಲ್ಲ. ‘ಇದು ನಿನಗೆ ಬೆಲೆಯುಳ್ಳದ್ದು, ಅದು ಚೆನ್ನಾಗಿ ನಡೆಯಲಿ, ನನ್ನ ಕೈಯೂ ಇರಲಿ’ ಎಂದು. ನಮ್ಮ ಹಳ್ಳಿಗಳಲ್ಲಿ ತೇರೆಳೆಯುವಾಗ ಹಗ್ಗ ಹಿಡಿದವರೆಲ್ಲರ ಮನಸ್ಸಿನಲ್ಲಿ ಒಂದೇ ಬಗೆಯ ಭಕ್ತಿ ಇರುತ್ತದೆಯೆ? ನೆರೆಮನೆಯ ಸಾವಿಗೆ ಹೆಗಲು ಕೊಡಹೋದವನು ಸತ್ತವನ ಪರಲೋಕದ ಲೆಕ್ಕವನ್ನು ಒಪ್ಪಿಯೇ ಹೆಗಲು ಕೊಡುತ್ತಾನೆಯೆ? ಹೆಗಲು ಕೊಡುವಂತೆಯೇ ಕೊರಳನ್ನೂ ಕೊಡಬಹುದು. ಇಲ್ಲಿ ಹಾಡು ಒಬ್ಬನ ಹೇಳಿಕೆಯಾಗಿ ನಿಲ್ಲದೆ ಹಲವರು ಸೇರಿ ಎತ್ತಿದ ಭಾರವಾಗುತ್ತದೆ.

ಫಿಂಜಿಯ ಹಿರಿಯ ಗೆಳೆಯ ರಾಲ್ಫ್ ವಾನ್ ವಿಲಿಯಮ್ಸ್ ಇದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವನು. ಆತ ಪಾದ್ರಿಯ ಮಗ; ಅವನ ತಾಯಿಯ ತಾಯಿ ಚಾರ್ಲ್ಸ್ ಡಾರ್ವಿನ್ನನ ಅಕ್ಕ. ತರುಣನಾಗಿದ್ದಾಗ ನಾಸ್ತಿಕನೆನಿಸಿಕೊಂಡು, ಆಮೇಲೆ ಅಜ್ಞೇಯವಾದದಲ್ಲಿ ನೆಲೆ ನಿಂತ. ಆದರೆ 1906ರಲ್ಲಿ ಹೊರಬಂದ ‘ಇಂಗ್ಲಿಷ್ ಹಿಮ್ನಲ್’ ಎಂಬ ಸ್ತೋತ್ರಸಂಗ್ರಹದ ಸಂಗೀತವನ್ನು ಸಂಪಾದಿಸಿದವನು ಆತನೇ. 1905ರಿಂದ 1953ರವರೆಗೆ ಡಾರ್ಕಿಂಗ್ ಊರಿನಲ್ಲಿ ನಡೆದ ಲೀತ್ ಹಿಲ್ ಸಂಗೀತೋತ್ಸವದಲ್ಲಿ ಸುತ್ತಲಿನ ಹಳ್ಳಿಗಳ ಹವ್ಯಾಸಿ ಮೇಳಗಳನ್ನು ಆತ ಹಾಡಿಸಿದ. 1903ರಲ್ಲಿ ಸರ್ರೆ ಪ್ರಾಂತದ ಫಾರೆಸ್ಟ್ ಗ್ರೀನ್ ಎಂಬ ಹಳ್ಳಿಯಲ್ಲಿ ಒಬ್ಬನ ಬಾಯಿಂದ ಉಳುವ ಹುಡುಗನನ್ನು ಕುರಿತ ಹಾಡಿನ ಧಾಟಿಯೊಂದನ್ನು ಬರೆದುಕೊಂಡಿದ್ದ. ಬೆತ್ಲೆಹೇಮ್ ಊರನ್ನು ಕುರಿತು ಅಮೆರಿಕದ ಪಾದ್ರಿಯೊಬ್ಬ ಬರೆದಿದ್ದ ಹಾಡಿಗೆ ಅದನ್ನು ಹೊಂದಿಸಿದ. ಇಂದು ಇಂಗ್ಲೆಂಡಿನ ಕ್ರಿಸ್ಮಸ್ ಕಚೇರಿಗಳಲ್ಲಿ ಆ ಹಾಡು ಆ ಧಾಟಿಯಲ್ಲೇ ಕೇಳಿಬರುತ್ತದೆ. ನಂಬದವನೊಬ್ಬ ಹೊಲದಿಂದ ಆರಿಸಿ ತಂದದ್ದು ನಂಬುವವರ ಬಾಯಲ್ಲಿ ಪ್ರಾರ್ಥನೆಯಾಗಿದೆ.

1914ರ ಯುದ್ಧ ಬಂದಾಗ ನಲವತ್ತು ದಾಟಿದ್ದ ವಾನ್ ವಿಲಿಯಮ್ಸ್ ತಾನಾಗಿ ಸೇನೆಯ ವೈದ್ಯದಳಕ್ಕೆ ಸೇರಿ ಗಾಯಾಳುಗಳನ್ನು ಹೊರುವ ಕೆಲಸ ಮಾಡಿದ. 1916ರ ಚಳಿಗಾಲದಲ್ಲಿ ಗ್ರೀಸಿನಲ್ಲಿದ್ದಾಗ, ದೂರದಲ್ಲಿ ಒಲಿಂಪಸ್ ಪರ್ವತ ಕಾಣುತ್ತಿರಲು, ಜೊತೆಯ ಸೈನಿಕರಿಂದ ಕ್ರಿಸ್ಮಸ್ ಹಾಡುಗಳನ್ನು ಹಾಡಿಸಿದ. ಮನೆಯಿಂದ ಸಾವಿರಾರು ಮೈಲಿ ದೂರದ ಹುಡುಗರಿಗೆ ಆ ಇರುಳು ಬೇಕಾಗಿದ್ದುದು ಅದು. ‘ನಾನು ಇದನ್ನು ನಂಬುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ’ ಎಂದು ಆತ ಹೇಳಿದ್ದರೆ ಅದನ್ನು ಸತ್ಯನಿಷ್ಠೆ ಎನ್ನಬೇಕೋ ಕಲ್ಲೆದೆ ಎನ್ನಬೇಕೋ ನನಗೆ ತಿಳಿಯದು.

ಈ ಸಂಗತಿ ನಮಗೆ ಹೊಸದಾಗಿ ತೋರಬೇಕಾಗಿಲ್ಲ. ಕನ್ನಡದ ಆದಿಕವಿಯಲ್ಲೇ ಇದು ಇದೆ. ಪಂಪ ಜೈನ. ಅವನ ‘ಆದಿಪುರಾಣ’ ಅವನ ಧರ್ಮದ ಕಾವ್ಯ. ಆದರೆ ಸುಮಾರು 941ರಲ್ಲಿ ಅವನೇ ವ್ಯಾಸಭಾರತವನ್ನು ಎತ್ತಿಕೊಂಡು ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದ. ಒಂದನ್ನು ಲೌಕಿಕ, ಇನ್ನೊಂದನ್ನು ಜಿನಾಗಮ ಎಂದು ತಾನೇ ಬಿಡಿಸಿ ಹೇಳಿ ಗೆರೆ ಎಳೆದ. ಗೆರೆ ಎಳೆದನೆಂದು ಕರ್ಣನನ್ನು ಅರೆಮನಸ್ಸಿನಿಂದ ಚಿತ್ರಿಸಿದನೆ? ಓದಿದವರೆಲ್ಲ ಬಲ್ಲರು. ನಮ್ಮ ಕಾಲಕ್ಕೆ ಬಂದರೆ, 1926ರಲ್ಲಿ ಪುಸ್ತಕವಾಗಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಬಿ.ಎಂ. ಶ್ರೀಯವರು ನ್ಯೂಮನ್ ಎಂಬ ಕ್ರೈಸ್ತ ಗುರುವಿನ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದರು. ದಾರಿ ತೋರೆಂದು ಬೆಳಕನ್ನು ಕರೆಯುವ ಆ ಪ್ರಾರ್ಥನೆಯನ್ನು ನಮ್ಮ ಶಾಲೆಗಳಲ್ಲಿ ಎಲ್ಲ ಮತದ ಮಕ್ಕಳೂ ಹಾಡಿಕೊಂಡು ಬಂದಿದ್ದಾರೆ. ಗೋವಿಂದ ಪೈಗಳು ಶಿಲುಬೆಯ ಮರಣವನ್ನು ಕುರಿತು ‘ಗೊಲ್ಗೊಥಾ’ ಬರೆದರು. ದೇವರ ವಿಷಯದಲ್ಲಿ ಸಂದೇಹವನ್ನು ಎಂದೂ ಮುಚ್ಚಿಡದಿದ್ದ ಶಿವರಾಮ ಕಾರಂತರು ತಮ್ಮ ಬಾಳಿನ ಎಷ್ಟೋ ವರ್ಷಗಳನ್ನು ಯಕ್ಷಗಾನಕ್ಕೆ ಕೊಟ್ಟರು. ಅದಾದರೋ ಚೌಕಿಯಲ್ಲಿ ಗಣಪತಿಯ ಪೂಜೆಯಾಗದೆ ತೊಡಗದ, ಎಷ್ಟೋ ಕಡೆ ಹರಕೆಯ ಸೇವೆಯಾಗಿ ನಡೆಯುವ ಕಲೆ. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾರಂತರು ಕಪಟಿಯೆಂದು ಅವರ ವಿರೋಧಿಗಳೂ ಹೇಳಿದವರಲ್ಲ.

ಪಾಠ ಹೇಳುವ ನನ್ನಂಥವನಿಗೆ ಇದು ದಿನದ ಅನುಭವ. ಒಂದೇ ತರಗತಿಯಲ್ಲಿ ಜೈನರ ಕಾವ್ಯ, ಶರಣರ ವಚನ, ದಾಸರ ಪದ, ಷರೀಫರ ಹಾಡು ಎಲ್ಲವನ್ನೂ ಓದಿಸಬೇಕು. ನಂಬಿದವರು ಮಾತ್ರ ಗಟ್ಟಿಯಾಗಿ ಓದಿ ಎಂದು ನಿಯಮ ಮಾಡಿದರೆ ಒಂದೊಂದು ಪದ್ಯಕ್ಕೂ ಮುಕ್ಕಾಲು ತರಗತಿ ಬಾಯಿ ಮುಚ್ಚಿ ಕೂರಬೇಕಾದೀತು.

ಹಾಗಾದರೆ ನಂಬುವವನ ಕಡೆಯಿಂದ ಆಕ್ಷೇಪಣೆಯೇ ಇಲ್ಲವೆ? ಇದೆ; ಅದು ಹಳೆಯದು, ಗೌರವಕ್ಕೆ ತಕ್ಕದ್ದೂ ಹೌದು. 1742ರಲ್ಲಿ ಡಬ್ಲಿನ್ ನಗರದಲ್ಲಿ ‘ಮೆಸ್ಸಾಯ’ ಮೊದಲು ಪ್ರದರ್ಶನವಾಗುವ ಹೊತ್ತಿಗೆ, ಅಲ್ಲಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಹಿರಿಯನಾಗಿದ್ದ ಜೊನಾಥನ್ ಸ್ವಿಫ್ಟ್ ತನ್ನ ಗಾಯಕರು ಅಂಥ ಕಚೇರಿಯಲ್ಲಿ ಹಾಡಕೂಡದೆಂದು ಒಮ್ಮೆ ತಡೆದಿದ್ದ. ಮರುವರ್ಷ ಲಂಡನ್ನಿನಲ್ಲಿ, ನಾಟಕಶಾಲೆಯೊಳಗೆ ದೇವರ ವಾಕ್ಯವನ್ನು ಹಾಡುವುದು ಸರಿಯೆ ಎಂದು ಪತ್ರಿಕೆಯಲ್ಲಿ ವಾದವೆದ್ದಿತು. ನನ್ನ ಗರ್ಭಗುಡಿ ನಿನಗೆ ರಂಗಮಂಟಪವೆ ಎಂಬ ಈ ನೋವನ್ನು ತಳ್ಳಿಹಾಕಬಾರದು. ಆದರೆ ಡಬ್ಲಿನ್ನಿನ ಆ ಪ್ರದರ್ಶನದ ಹಣ ಎರಡು ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರಿಗೂ ಹೋಯಿತು. 142 ಮಂದಿ ಸೆರೆಯಾಳುಗಳು ಬಿಡುಗಡೆ ಹೊಂದಿದರೆಂದು ದಾಖಲೆಯಿದೆ. ಸೆರೆಯಿಂದ ಹೊರಬಂದವನು, ಪಿಟೀಲು ಬಾರಿಸಿದವರಲ್ಲಿ ನಂಬಿದವರೆಷ್ಟು ನಂಬದವರೆಷ್ಟು ಎಂದು ಎಣಿಸಿರಲಾರ.

ಇಲ್ಲಿಗೆ ಬಂದು ನಿಂತು ಮತ್ತೆ ಶರಣರ ಮಾತನ್ನು ನೆನೆದರೆ, ಅವರ ಕೋಪ ಯಾರ ಮೇಲೆ ಎಂಬುದು ಸ್ಪಷ್ಟವಾಗುತ್ತದೆ. ಭಕ್ತಿಯ ವೇಷದಿಂದ ಏನನ್ನೋ ಗಳಿಸಲು ಹೊರಟವನು, ಮಂದಿಯ ಕಣ್ಣಿಗೆ ಮಣ್ಣೆರಚುವವನು, ಅವನೇ ಅವರ ಗುರಿ. ಸುಳ್ಳಿಗೆ ಮೋಸಹೋಗುವವನೊಬ್ಬ ಬೇಕು, ಮೋಸದಿಂದ ಬರುವ ಲಾಭವೂ ಬೇಕು. ಹಳ್ಳಿಯ ಚರ್ಚಿನಲ್ಲಿ ಸಂಬಳವಿಲ್ಲದೆ ಪಿಟೀಲು ಬಾರಿಸುವ ಹವ್ಯಾಸಿಯಿಂದ ಯಾರಿಗೆ ಮೋಸವಾಯಿತು? ಪಕ್ಕದಲ್ಲಿ ಕುಳಿತವನಿಗೆ ಇವನ ಅಭಿಪ್ರಾಯ ಗೊತ್ತು. ನಡೆಯ ಮಾತಿಗೆ ಬಂದರೆ, ಫಿಂಜಿ ಯುದ್ಧದ ದಿನಗಳಲ್ಲಿ ಜರ್ಮನಿಯಿಂದಲೂ ಜೆಕ್ ನಾಡಿನಿಂದಲೂ ಓಡಿಬಂದ ನಿರಾಶ್ರಿತರನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಛತ್ರದಲ್ಲಿ ಎಡೆ ಸಿಗದೆ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆಗೆ ಸ್ವರ ಹಾಕುವ ಮೊದಲೇ ಆತ ಮನೆಯ ಬಾಗಿಲು ತೆರೆದಿದ್ದ. ನುಡಿಗೂ ನಡೆಗೂ ಅಂತರವಿದ್ದರೆ, ಇಲ್ಲಿ ಮುಂದಿದ್ದದ್ದು ನಡೆಯೇ.

ಹಾಗೆಂದು ಎಲ್ಲವನ್ನೂ ಹಾಡಬಹುದು, ಎಲ್ಲಿಯೂ ದನಿಗೂಡಿಸಬಹುದು ಎಂದು ನಾನು ಹೇಳಲಾರೆ. ಹಾಡು ಬೇರೆ, ಪ್ರತಿಜ್ಞೆ ಬೇರೆ. ‘ನಾನು ಇದನ್ನು ನಂಬುತ್ತೇನೆ’ ಎಂದು ಸಾಕ್ಷಿಯ ಮುಂದೆ ನುಡಿಯಬೇಕಾದಲ್ಲಿ ನಂಬದವನು ಬಾಯಿ ಮುಚ್ಚಿರುವುದೇ ಸರಿ. ಒತ್ತಾಯದಿಂದ ಹಾಡಿಸಿದ ಹಾಡೂ ಹಾಡಲ್ಲ. ಮನಸ್ಸಿಲ್ಲದವನಿಗೆ ಸುಮ್ಮನಿರುವ ಹಕ್ಕಿರಬೇಕು. ದನಿಗೂಡಿಸುವವನಿಗೂ ಒಂದು ಕಟ್ಟಳೆಯುಂಟು: ತಾನು ಹಾಡುವುದರ ಅರ್ಥವನ್ನು ತಿಳಿದಿರಬೇಕು, ಶ್ರಮಪಟ್ಟು ಹಾಡಬೇಕು, ಹಾಡು ಯಾರದೋ ಅವರಿಂದ ಅದನ್ನು ಕಿತ್ತುಕೊಳ್ಳಬಾರದು. ಇಷ್ಟನ್ನು ಪಾಲಿಸುವವನನ್ನು ಯಾವ ಗುಡಿಯ ಬಾಗಿಲಲ್ಲೂ ತಡೆಯಬೇಕಾಗಿಲ್ಲ. ‘ಇದು ಯಾರ ಹಾಡು, ನಮ್ಮ ಮಕ್ಕಳು ಇದನ್ನೇಕೆ ಹಾಡಬೇಕು?’ ಎಂಬ ಪ್ರಶ್ನೆ ಇಂದು ನಮ್ಮ ನಡುವೆಯೂ ಆಗಾಗ ಕೇಳಿಬರುತ್ತಿದೆ. ಕೇಳುವವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಹಾಡಿದರೆ ತಮ್ಮತನ ಹೋದೀತೆಂಬ ಅಂಜಿಕೆ ಅದು. ಆದರೆ ನ್ಯೂಮನ್ನನ ಪ್ರಾರ್ಥನೆಯನ್ನು ಹಾಡಿಕೊಂಡು ಬೆಳೆದ ಕನ್ನಡ ಮಕ್ಕಳ ಮನೆದೇವರು ಮನೆಯಲ್ಲೇ ಇದ್ದಾನೆ. ಹೋಗುವುದೇನಾದರೂ ಇದ್ದರೆ, ನೆರೆಯವನು ಯಾವುದಕ್ಕೆ ಕಣ್ಣೀರಿಡುತ್ತಾನೆ, ಯಾವುದಕ್ಕೆ ಹಿಗ್ಗುತ್ತಾನೆ ಎಂಬುದನ್ನು ಅರಿಯುವ ಒಂದು ದಾರಿ ಹೋದೀತು.

1951ರಲ್ಲಿ ವೈದ್ಯರು ಫಿಂಜಿಗೆ ವಾಸಿಯಾಗದ ಕಾಯಿಲೆಯೊಂದಿದೆಯೆಂದೂ, ಹೆಚ್ಚೆಂದರೆ ಹತ್ತು ವರ್ಷ ಬದುಕಬಹುದೆಂದೂ ತಿಳಿಸಿದ್ದರು. ಅದನ್ನು ತಿಳಿದೇ ಆತ ‘ಇನ್ ಟೆರ್ರಾ ಪಾಕ್ಸ್’ ಬರೆದದ್ದು. 1956ರ ಸೆಪ್ಟೆಂಬರಿನಲ್ಲಿ ಗ್ಲಾಸ್ಟರಿನ ಸಂಗೀತೋತ್ಸವದಲ್ಲಿ, ದೊಡ್ಡ ವಾದ್ಯಮೇಳಕ್ಕೆ ವಿಸ್ತರಿಸಿದ ಆ ಕೃತಿಯನ್ನು ತಾನೇ ನಿಂತು ನಡೆಸಿದ. ಆ ದಿನಗಳಲ್ಲೇ ವಾನ್ ವಿಲಿಯಮ್ಸ್‌ನನ್ನು ಕರೆದುಕೊಂಡು, ಹಿಂದೆ ಗಂಟೆಗಳನ್ನು ಕೇಳಿದ್ದ ಚೋಸನ್ ಹಿಲ್ ಗುಡ್ಡಕ್ಕೆ ಹೋದ. ಅಲ್ಲಿ ಚರ್ಚು ಕಾಯುವವನ ಮನೆಯಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಎದ್ದಿತ್ತು. ಅದು ಇವನಿಗೂ ತಗಲಿತು. ಕಾಯಿಲೆಯಿಂದ ಸೋತಿದ್ದ ದೇಹ ತಾಳಲಿಲ್ಲ. ಸೆಪ್ಟೆಂಬರ್ 27ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಕೊನೆಯ ಗಳಿಗೆಯಲ್ಲಾದರೂ ನಂಬಿಕೆ ಹುಟ್ಟಿತೆ ಎಂದು ಕೇಳುವುದು ಅಷ್ಟು ಮರ್ಯಾದೆಯ ಪ್ರಶ್ನೆಯಾಗಲಾರದು. ನ್ಯೂಬರಿಯ ಹವ್ಯಾಸಿಗಳು ಅವನ ಮಗನ ಮುಂದಾಳುತನದಲ್ಲಿ ಮತ್ತೆ ಎಷ್ಟೋ ವರ್ಷ ಹಳ್ಳಿಯ ಚರ್ಚುಗಳಲ್ಲಿ ಬಾರಿಸಿದರು.